ಬಂಗಾರದ ಎಂಜಿನ್

ಹಾಸ್ಟೆಲ್, ಪುಣೆ
ಜುಲೈ 2003

ಅಂಬಾದಾಸ ಕಾಕಾ ಅವರಿಗೆ ಸುವರ್ಣಾಳ ನಮಸ್ಕಾರ.

ಅಪ್ಪನ ಹಳೆ ಕಾರಿಗೆ ಬೇರೆ ಎಂಜಿನ್ ಕೂಡಿಸುವಾಗ ನಿಮ್ಮ ಗ್ಯಾರೇಜಿನ ಮರಾಠಿ ಮಿಸ್ತ್ರಿ ಹಳೆಯದನ್ನು ತೋರಿಸಿ "ಭಂಗಾರ" ಅಂದನಂತೆ. ಊರಿಂದ ಈಗಷ್ಟೇ ನಿಮ್ಮಲ್ಲಿಗೆ ಬಂದ ಅವ್ವ ಅದನ್ನು ಬಂಗಾರ ಅಂತ ತಿಳಕೊಂಡಾಳ. ಫೋನಿನಲ್ಲಿ "ನಿಮ್ಮಪ್ಪ ಹೋದರೂ ಅವರ ಎಂಜಿನ್ ಬಂಗಾರ ಅದಂತ ನೋಡವಾ" ಅಂದಳು. ಅಪ್ಪ ತೀರಿದ ಮೇಲೆ ಅವಳ ದನಿ ಅಷ್ಟು ಹಗುರಾಗಿದ್ದು ಇದೇ ಮೊದಲು. ಮರಾಠಿಯಲ್ಲಿ ಭಂಗಾರಕ್ಕೆ ಗುಜರಿ ಅಂತ ಅರ್ಥ ಅನ್ನಲು ನನಗೆ ಬಾಯಿ ಬರಲಿಲ್ಲ. ಫುಲ್ ಟೆನ್ಶನ್ ಆಗೇದ.

ಪ್ಲೀಸ್ ಕಾಕಾ, ಅವ್ವನ ಮುಂದೆ ಯಾರೂ ಆ ಮಾತು ಬಿಡಿಸಿ ಹೇಳೋದು ಬ್ಯಾಡ. ಗುಜರಿಯವನು ಎಂಜಿನ್ ಒಯ್ಯೋ ದಿನ ಅವ್ವನನ್ನು ಇಲ್ಲಿಗೆ ಕಳಿಸ್ರಿ. ನಾನು ಕ್ಲಾಸ್ ಬಿಟ್ಟು, ಎದುರಿಗೆ ಕೂತು, ನಾನೇ ಹೇಳ್ತೀನಿ.

ನಿಮ್ಮ ಅಣ್ಣನ ಮಗಳು,
ಸುವರ್ಣಾ