ಮರಿಯ ಮೊದಲ ಉಣ್ಣೆ

ಗಬ್ಬೂರ, ಹುಬ್ಬಳ್ಳಿ
೧೪ ನವೆಂಬರ್ ೨೦೨೩

ನನ್ನ ಮುದ್ದು ಗುಲ್ನಾಜಗೆ ಅವ್ವನ ದುವಾ.

ನಿನ್ನ ಮೈ ಈಗ ಹೇಗಿದೆ? ಅಳಿಯ ಇಕ್ಬಾಲ ನಿನ್ನ ಹತ್ತಿರವೇ ಇದ್ದಾನಲ್ಲ? ನಿನ್ನ ಅತ್ತೆ ಮಾಬೂಬಿಯವರ ಮೊಣಕಾಲ ನೋವು ಇಳಿಯಿತೇ? ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಹಳೇ ಪಾಟಿಯ ಮೇಲೆ ಅಕ್ಷರ ತಿದ್ದಿ ಕಲಿತವಳು ನಾನು; ಒಂದೊಂದು ಸಾಲಿಗೂ ಹೊತ್ತು ಬೇಕು. ಆದರೆ ಅಪ್ಪನ ಜೊತೆ ಮಾತಾಡಿದ ದಿನದಿಂದ ನೀನು ನಮ್ಮ ಫೋನು ಎತ್ತುತ್ತಿಲ್ಲ. ನನಗೆ ಬೇರೆ ದಾರಿ ಉಳಿಯಲಿಲ್ಲ.

ಸುಳ್ಳ ಊರಿನ ಯಂಕವ್ವ ತನ್ನ ಕುರಿಮರಿಗಳಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ತಂದುಕೊಟ್ಟಿದ್ದಾಳೆ. ಕಸ, ಮುಳ್ಳು ಆರಿಸಿ, ಅಂಟುವಾಳದ ನೀರಿನಲ್ಲಿ ನೆನೆಹಾಕಿ, ತಿಕ್ಕದೆ ಹಿಂಡದೆ ಒಣಗಿಸಿದೆ. ತಿಕ್ಕಿದರೆ ಗಂಟುಗಟ್ಟುತ್ತದೆ. ನಿಮ್ಮಪ್ಪ ಗೋಡೆಯಿಂದ ಹಿಂಜುವ ಬಿಲ್ಲು ಇಳಿಸಿ ಅದನ್ನು ಹಿಂಜುತ್ತಾರೆ. ಹಿಂಜಿದ್ದನ್ನು ನಾನು ಬತ್ತಿಯಂತೆ ಹೊಸೆದು ರಾಟಿಯಲ್ಲಿ ನೂಲುತ್ತೇನೆ.

ಬಿಲ್ಲಿನ ತಂತಿ ಮೊದಮೊದಲು ಉಣ್ಣೆಯೊಳಗೆ ಸಿಕ್ಕಿ ಗೊಗ್ಗರು ದನಿ ಮಾಡುತ್ತದೆ. ಎಳೆ ಬಿಡಿಬಿಡಿಯಾದ ಮೇಲೆ ಸಣ್ಣಗೆ ಗುಂಯ್‌ಗುಡುತ್ತದೆ. ಆ ದನಿ ಕೇಳಿಯೇ ನಿಮ್ಮಪ್ಪ ಕೈ ನಿಲ್ಲಿಸುತ್ತಿದ್ದರು. ಈಗ ಉಣ್ಣೆ ಹರಿದು ಪುಡಿಯಾದರೂ ಬಾರಿಸುತ್ತಲೇ ಇರುತ್ತಾರೆ. ಸಾಕೆಂದು ನಾನು ಅವರ ಮೊಣಕಾಲು ತಟ್ಟಬೇಕು. ತಟ್ಟಿದರೆ, "ಗೊತ್ತೈತಿ ಬಿಡ, ನನಗ ಕಲಸ್ತೀಯೇನ?" ಎಂದು ಗದರುತ್ತಾರೆ.

ಮೊನ್ನೆ ಯಂಕವ್ವ ಬಾಗಿಲಲ್ಲಿ ನಿಂತು ಚೇಷ್ಟೆ ಮಾಡಿದಳು: "ಏನ್ರೀ ಸಾಬ್ರ, ನಿಮ್ಮ ಹೆಂಡ್ತೀನ್ನ ಸುಳ್ಳಕ್ಕ ಕರಕೊಂಡ ಹೊಂಟೇನ್ರಿ. ಕುರಿ ಕಾಯಾಕ ಇಟ್ಕೋತೇನಿ!"

ನಿಮ್ಮಪ್ಪ ನಗುತ್ತ, "ಹೂಂ, ಛಲೋ ಆತು. ಭಾಳ ಛಲೋ ಆತು" ಅಂದರು.

ಯಂಕವ್ವ ಸೆರಗು ಬಾಯಿಗೊತ್ತಿ ನಕ್ಕಳು. ಆಮೇಲೆ ನನ್ನ ಮುಖ ನೋಡಿ, "ಯವ್ವಾ, ಇವರ ಕಿವಿ ಪೂರಾ ಹೋಗ್ಯಾವೇನ?" ಅಂದಳು.

ಹೌದು ಗುಲ್ನಾಜ. ನೀನು ಮದುವೆಯಾಗಿ ಹೋದ ಮೇಲೆ ಮೆಲ್ಲಗೆ ಹೋದವು. ಕಿವಿ ಕೇಳದ ಪಿಂಜಾರನನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ ಎಂದು ಮುಚ್ಚಿಟ್ಟರು. ಯಾರು ಏನೇ ಹೇಳಲಿ, ನಕ್ಕು "ಛಲೋ ಆತು" ಅನ್ನುತ್ತಾರೆ. ಅವತ್ತು ಫೋನಿನಲ್ಲಿ ನಿನಗೂ ಹಾಗೆಯೇ ಅಂದರು. ನಾನು ಆಗ ಹಿತ್ತಲಲ್ಲಿ ಉಣ್ಣೆ ಹರವುತ್ತಿದ್ದೆ. ಒಳಗೆ ಬಂದರೆ, "ಗುಲ್ನಾಜ ಫೋನ್ ಮಾಡಿದ್ಲು, ಆರಾಮ ಅದಾಳ" ಎಂದರು. ಸಂಜೆ ಇಕ್ಬಾಲ ಫೋನ್ ಮಾಡಿ ನನಗೆ ಎಲ್ಲ ಹೇಳಿದ ಮೇಲೆಯೇ, ಆ ಮಾತು ನಿನಗೆ ಹೇಗೆ ಇರಿದಿರಬೇಕೆಂದು ತಿಳಿಯಿತು. ಅಪ್ಪನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ, ನನ್ನವ್ವಾ. ನೀನು ಹೇಳಿದ್ದು ಅವರಿಗೆ ಕೇಳಿಸಿಯೇ ಇಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಭಾರ ಎತ್ತಬೇಡ. ಅಲ್ಲಾಹ ನಿಮ್ಮಿಬ್ಬರನ್ನೂ ತಣ್ಣಗಿಡಲಿ.

ನಿನ್ನ ಅವ್ವ,
ಶಹಜಹಾನಬೇಗಂ

ತಾ.ಕ.: ಕೂಸು ನಿನ್ನ ಹೊಟ್ಟೆಯಲ್ಲಿ ಉಳಿಯಲಿಲ್ಲವೆಂದು ನಿಮ್ಮಪ್ಪನಿಗೆ ಇನ್ನೂ ಗೊತ್ತಿಲ್ಲ. ಅವರು ಈ ಉಣ್ಣೆ ತರಿಸಿದ್ದು ಅದರ ಕಂಬಳಿಗೆಂದೇ. ಅವರಿಗೆ ತಿಳಿಸಬೇಕೆಂದರೆ ಕೂಗಬೇಕು. ಅಂಥ ಮಾತನ್ನು ಓಣಿಗೆಲ್ಲ ಕೇಳುವಂತೆ ಕೂಗಲು ನನಗೆ ಬಾಯಿ ಬರುತ್ತಿಲ್ಲ. ಬರೆದು ತೋರಿಸೋಣವೆಂದರೆ ಕೈ ಓಡುತ್ತಿಲ್ಲ. ಅವರು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ದೊಡ್ಡ ಅಕ್ಷರದಲ್ಲಿ ನೀನೇ ಅಪ್ಪನಿಗೆ ಬರೆ. ಕಂಬಳಿಗೆ ಕೆಂಪು ಅಂಚು ಇಡೋಣವೋ ಹಸಿರು ಇಡೋಣವೋ ಎಂದು ಬೆಳಿಗ್ಗೆಯಿಂದ ನನ್ನನ್ನು ಕೇಳುತ್ತಿದ್ದಾರೆ. ಲಗೂ ಬರೆ.