‘ನಿನಗೂನಾ?’ ಎಂದು ಕೇಳಿದ ಅತ್ತೆಗೆ

ಅತ್ತೆ,

ಮೊದಲು ಕನ್ನಡಕ ಹುಡುಕಿಕೊಳ್ಳಿ. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ಓದಿ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಗೆ ಹೇಳಲಿ? ನೀವು ಸ್ಪೀಕರ್ ಹಾಕದೆ ಮಾತಾಡಿದ್ದೇ ಇಲ್ಲ. ಮೊನ್ನೆ ನಿಮ್ಮ ಮಗಳಿಗೆ ಮಗು ಹುಟ್ಟಿದ ಸುದ್ದಿ ಹೇಳಿದಾಗಲೂ ನೀವು, ಅಳಿಯಂದಿರು, ಬೀಗಿತ್ತಿ, ಪಕ್ಕದ ಮನೆಯವರು ಎಲ್ಲರೂ ಒಟ್ಟಿಗೆ ಕೂಗುತ್ತಿದ್ದಿರಿ. ಹೆಣ್ಣು ಮಗು ಅನ್ನುವುದೊಂದು ಬಿಟ್ಟು ನನಗೆ ಬೇರೇನೂ ಸರಿಯಾಗಿ ಕೇಳಿಸಲಿಲ್ಲ. ನಡುವೆ ಅಳಿಯಂದಿರು, “ನಾರ್ಮಲ್ ಡೆಲಿವರಿ ಅಕ್ಕ, ಸ್ವಲ್ಪ ಹೊಲಿಗೆ ಹಾಕಿದಾರೆ, ಅಷ್ಟೇ” ಅಂದರು. ಆಮೇಲೆ ಬಾಣಂತಿಯ, ನಮ್ಮ ಚಿಟ್ಟೆಯ ದನಿ ಬಂತು. “ನಾನು ಚೆನ್ನಾಗಿದೀನಿ ಅತ್ತಿಗೆ.”

ತುಂಬ ಬೇಗ ಹೇಳಿಬಿಟ್ಟಳು. ನಾನೂ ಹಾಗೇ ಹೇಳಿದ್ದೆ. ಆಗಿನಿಂದ ಮನಸ್ಸು ತಡೆಯುತ್ತಿಲ್ಲ. ಅದಕ್ಕೇ ಈ ಕಾಗದ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ ಅನ್ನಿಸಿದರೆ ಬೇಸರಿಸಬೇಡಿ. ನಾವಿಬ್ಬರೂ ಒಂದೇ ಮನೆಯಲ್ಲಿದ್ದು ಇದನ್ನೆಲ್ಲ ಅನುಭವಿಸಿದೆವು. ಆದರೆ ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಮಾತಾಡಲಿಲ್ಲ. ನನ್ನ ಕಡೆಯದು ಎಷ್ಟೋ ನಿಮಗೆ ಗೊತ್ತಿಲ್ಲ.

ನಿಮ್ಮ ಮೊಮ್ಮಗ ಹುಟ್ಟಿದ ದಿನ ನೀವು ಹೊರಗಿನ ಬೆಂಚಿನ ಮೇಲಿದ್ದಿರಿ. ಒಳಗೆ ಅವನ ತಲೆ ಸಿಕ್ಕಿಹಾಕಿಕೊಂಡಿತ್ತು. ಇಕ್ಕಳ ಹಾಕಿ ಎಳೆದರು. ಅವನು ಅತ್ತ. ನನಗೆ ಅಷ್ಟು ಸಾಕಾಯಿತು. ಕೆಳಗೆ ಯಾರೋ ಹೊಲಿಯುತ್ತ ಪಕ್ಕದವರ ಹತ್ತಿರ ಊಟಕ್ಕೆ ಹೋಗುವ ಮಾತಾಡುತ್ತಿದ್ದರು. “ಸ್ವಲ್ಪ ಹರಿದಿತ್ತು, ಹೊಲಿಗೆ ಹಾಕಿದೀವಿ, ತಾನಾಗೇ ಕರಗುತ್ತೆ” ಅಂದರು. ಎಲ್ಲಿ ಹರಿದಿತ್ತು, ಎಷ್ಟು ಹರಿದಿತ್ತು, ಯಾರೂ ಹೇಳಲಿಲ್ಲ. ಕೇಳಬೇಕೆಂದು ನನಗೂ ತೋಚಲಿಲ್ಲ. ಮಗು ಗುಂಡುಗುಂಡಗೆ ಇರುವಾಗ ತಾಯಿ ತನ್ನ ಹಿಂದುಮುಂದಿನ ಮಾತು ಎತ್ತುವುದು ಹೇಗೆ?

ಹೊಲಿಗೆ ಕರಗಿತು, ನೋವೂ ಕಡಿಮೆಯಾಯಿತು. ಆದರೆ ಗಾಳಿ ನಿಲ್ಲುತ್ತಿರಲಿಲ್ಲ. ಮೊದಮೊದಲು ಬಾಣಂತಿ ಹೊಟ್ಟೆ, ಹೀಗೇ ಇರುತ್ತದೆ ಅಂದುಕೊಂಡೆ. ಆಮೇಲೆ, ಅತ್ತೆ, ಮಲವೂ ನಿಲ್ಲಲಿಲ್ಲ. ಅವಸರವಾಯಿತು ಅಂದರೆ ಬಾತ್‌ರೂಮಿನ ಚಿಲಕ ತೆಗೆಯುವಷ್ಟೂ ಪುರುಸೊತ್ತಿರಲಿಲ್ಲ. ನನ್ನ ಮೈಯ ಬಾಗಿಲಿಗೆ ನಾನೇ ಯಜಮಾನಿ ಅಲ್ಲ ಅನ್ನಿಸುತ್ತಿತ್ತು. ತಪಾಸಣೆಗೆ ಹೋದಾಗ ಹೆರಿಗೆ ಮಾಡಿಸಿದ ಡಾಕ್ಟರಿಗೆ ತಡವರಿಸುತ್ತ ಹೇಳಿದೆ. ತಲೆ ಎತ್ತದೆ, “ಹೆರಿಗೆ ಆದ್ಮೇಲೆ ಇದೆಲ್ಲ ಇದ್ದಿದ್ದೇ, ಸರಿಹೋಗುತ್ತೆ” ಅಂದರು. ಆಯಿತು, ಇದ್ದಿದ್ದೇ ಇರಬೇಕು ಅಂತ ಬಾಯಿ ಮುಚ್ಚಿಕೊಂಡೆ.

ರಜೆ ಮುಗಿಸಿ ಶಾಲೆಗೆ ಹೋದೆನಲ್ಲ, ಅಲ್ಲಿ ನಾನು ಹೇಗಿದ್ದೆ ಅನ್ನುವುದು ನಿಮಗೆ ಗೊತ್ತಿಲ್ಲ. ನಾನು ಆಟದ ಟೀಚರ್. ಮಕ್ಕಳು ನನ್ನನ್ನು ಕರೆಯುತ್ತಿದ್ದದ್ದೇ ‘ಸೀಟಿ ಮಿಸ್’ ಅಂತ. ಅವರಿಗಿಂತ ಮೊದಲು ಮೈದಾನದಲ್ಲಿ ಓಡುತ್ತಿದ್ದವಳು ನಾನು. ಈಗ ಮರದ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತೆ. ಕೂತಲ್ಲಿಂದಲೇ ಸೀಟಿ ಊದಿದೆ. ಜಿಗಿಯುವುದನ್ನು ತೋರಿಸಬೇಕಾದಾಗ ದೊಡ್ಡ ಹುಡುಗಿಯೊಬ್ಬಳನ್ನು ಮುಂದೆ ಕರೆದು ಅವಳ ಕೈಯಲ್ಲಿ ಮಾಡಿಸಿದೆ. ಒಮ್ಮೆ ಡ್ರಿಲ್ ಸಾಲಿನ ಪಕ್ಕ ನಡೆಯುವಾಗ ವಾಸನೆ ಬಂತು. ಮಕ್ಕಳು ಮೂಗು ಮುಚ್ಚಿಕೊಂಡು ಒಬ್ಬರ ಮೇಲೊಬ್ಬರು ಹಾಕುತ್ತ ಕಿಸಿಕಿಸಿ ನಕ್ಕರು. “ಚರಂಡಿ ಕಟ್ಟಿಕೊಂಡಿದೆ, ಆ ಕಡೆ ಹೋಗಿ ನಿಂತ್ಕೊಳ್ಳಿ” ಅಂದೆ. ಪಾಪದ ಚರಂಡಿ. ಅದಾದ ಮೇಲೆ ಮುಖ್ಯೋಪಾಧ್ಯಾಯಿನಿ ಕರೆದು, “ಯಾಕಮ್ಮ, ಮದುವೆ ಮಕ್ಕಳು ಅಂತ ಆದ್ಮೇಲೆ ಸೋಮಾರಿತನ ಬಂತಾ?” ಅಂದರು. ನಾನು ನಕ್ಕೆ. ಬೇರೆ ಏನು ಮಾಡಲಿ?

ನಿಮ್ಮ ಮಗನಿಂದಲೂ ದೂರ ಮಲಗುತ್ತಿದ್ದೆ. ಮಗು ಅಳುತ್ತದೆ, ಅವರಿಗೆ ನಿದ್ದೆ ಕೆಡುತ್ತದೆ ಅನ್ನುವುದು ನೆಪ. ಅವರು ಒಂದೆರಡು ಸಲ ಹತ್ತಿರ ಬಂದು, ನಾನು ಮುದುಡಿದ್ದು ನೋಡಿ, ಮತ್ತೆ ಕೇಳಲಿಲ್ಲ. ಮನೆಯಲ್ಲಿ ಎಲ್ಲರೂ ಒಳ್ಳೆಯವರೇ ಇದ್ದರು, ಅತ್ತೆ. ಒಬ್ಬರಿಗೂ ನಾನು ಹೇಳುವಂತಿರಲಿಲ್ಲ.

ಆಮೇಲೆ ಆ ಕ್ರೀಡಾಕೂಟ. ರಿಲೇ ಓಟದಲ್ಲಿ ಪುಟ್ಟ ಹುಡುಗಿಯೊಬ್ಬಳು ತಿರುವಿನಲ್ಲಿ ಎಡವಿ ಮುಖ ಅಡಿಯಾಗಿ ಬಿದ್ದಳು. ಏನನ್ನೂ ಯೋಚಿಸದೆ ಓಡಿದೆ. ಅವಳನ್ನು ಎತ್ತಿ ನಿಲ್ಲಿಸುವಾಗ ಗೊತ್ತಾಯಿತು. ತಡೆಯಲಾಗಲಿಲ್ಲ. ಅವಳ ಮೊಣಕಾಲಿನ ಮಣ್ಣು ಒರೆಸಿ, ನನ್ನ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು, ಯಾರಿಗೂ ಹೇಳದೆ ಗೇಟಿನಿಂದ ಹೊರಬಿದ್ದೆ. ಬಸ್ಸು ಹತ್ತಲಿಲ್ಲ. ಮನೆಯವರೆಗೂ ನಡೆದೆ.

ಬಾಗಿಲು ತೆಗೆದವರು ನೀವು. ಮಧ್ಯಾಹ್ನದ ಹೊತ್ತು, ಮಗು ನಿಮ್ಮ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ನೀವು ನನ್ನ ಮುಖ ನೋಡಿದಿರಿ, ಸೊಂಟದ ಸ್ವೆಟರ್ ನೋಡಿದಿರಿ. ಮಗುವನ್ನು ಮಲಗಿಸಿ ನೀರು ಕಾಯಿಸಿದಿರಿ, ಬಾತ್‌ರೂಮಿನ ಬಾಗಿಲಿಗೆ ಟವೆಲ್ಲು, ಬಟ್ಟೆ ತಂದು ನೇತುಹಾಕಿದಿರಿ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಬಟ್ಟೆ ಬಕೆಟ್ಟಿನಲ್ಲಿರಲಿಲ್ಲ. ಹಿತ್ತಲ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ನೀವೇ ಒಗೆಯುತ್ತಿದ್ದಿರಿ. “ಬಿಡಿ ಅತ್ತೆ, ಬಿಡಿ” ಅಂತ ಕಿತ್ತುಕೊಳ್ಳಲು ಬಂದೆ. ನೀವು ಕೈ ಬಿಡಲಿಲ್ಲ. ತಲೆ ತಗ್ಗಿಸಿಕೊಂಡೇ ಕೇಳಿದಿರಿ:

“ನಿನಗೂನಾ?”

ಆ ಒಂದು ಮಾತು ನನ್ನನ್ನು ಅಲ್ಲೇ ಕೂರಿಸಿಬಿಟ್ಟಿತು. ನೀವು ಯಾರ ಮದುವೆಗೆ ಹೋದರೂ ಬಾಗಿಲ ಬಳಿಯ ಕುರ್ಚಿ ಹಿಡಿಯುತ್ತಿದ್ದಿರಿ, ಊಟಕ್ಕೆ ಮೊದಲೇ ಎದ್ದು ಬರುತ್ತಿದ್ದಿರಿ. ಹೊರಗೆ ಹೊರಡುವ ದಿನ ಬೆಳಗ್ಗೆಯಿಂದ ಒಂದು ಲೋಟ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ನೆಂಟರೆಲ್ಲ ‘ಅವರಿಗೆ ಜಂಬ’ ಅನ್ನುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸವನ್ನು ಮಗಳಿಗೋಸ್ಕರ ಬಿಟ್ಟಿರೆಂದು ಮಾವ ಹೆಮ್ಮೆಯಿಂದ ಹೇಳುತ್ತಿದ್ದರು. ಕರೆಗಳು ಬರುತ್ತಿರುವಾಗ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ, ಅದಕ್ಕೆ ಬಿಟ್ಟಿರಿ ಅನ್ನುವುದು ಮಾವನಿಗೂ ತಿಳಿಯದೆ ಹೋಯಿತು.

ಕೈ ಒರೆಸಿಕೊಂಡು ನೀವು ಹೇಳಿದ್ದು ಇಷ್ಟೇ: “ನಾನು ಸುಮ್ನಿದ್ದೆ. ನೀನು ಸುಮ್ನಿರ್ಬೇಡ. ನಾಳೆ ದೊಡ್ಡಾಸ್ಪತ್ರೆಗೆ ಹೋಗೋಣ.”

ಆ ಸರ್ಜನ್ ಎಷ್ಟು ಚಿಕ್ಕವರು! ಕಾಲೇಜು ಹುಡುಗಿ ಇದ್ದಂತಿದ್ದರು. ನೀವು ನನ್ನ ಕಿವಿಯಲ್ಲಿ, “ಇವ್ಳಿಗೆ ಹೆರಿಗೆ ಅಂದ್ರೆ ಏನು ಅಂತ ಗೊತ್ತಾ?” ಅಂದಿರಿ. ಆದರೆ ಆಕೆ ಪೆನ್ನು ಕೆಳಗಿಟ್ಟು, ನನ್ನ ಕಣ್ಣು ನೋಡಿ, ನೀರು ಕುಡಿದಷ್ಟು ಸರಾಗವಾಗಿ ಕೇಳಿದರು. “ಗಾಳಿ ತಡೆಯೋಕಾಗುತ್ತಾ? ಮಲ? ಒಳಉಡುಪಿಗೆ ಆಗುತ್ತಾ? ಗಂಡನ ಜೊತೆ ಇರೋಕೆ ನೋವಾಗುತ್ತಾ?” ಅಷ್ಟು ದಿನದಲ್ಲಿ ಅದನ್ನು ಕೇಳಿದ ಮೊದಲ ಮನುಷ್ಯರು ಅವರು. ಉತ್ತರ ಹೇಳುವ ಬದಲು ಅತ್ತುಬಿಟ್ಟೆ.

ಪರೀಕ್ಷೆ ಮಾಡಿ, ಸ್ಕ್ಯಾನ್ ಮಾಡಿಸಿ, ಹಾಳೆಯ ಮೇಲೆ ಒಂದು ಬಳೆ ಬರೆದರು. ಗುದದ ಸುತ್ತ ಹೀಗೊಂದು ಸ್ನಾಯು ಇರುತ್ತದೆ, ಮುಚ್ಚಿ ತೆರೆಯುವುದು ಅದೇ ಅಂದರು. ಬಳೆಯ ಒಂದು ಭಾಗವನ್ನು ಪೆನ್ನಿನಿಂದ ಗೀಚಿ ಅಳಿಸಿದರು. “ಮಗು ಬರುವಾಗ ಇಲ್ಲಿ ಹರಿದಿದೆ. ಮೇಲಿನ ಚರ್ಮ ಹೊಲಿದಿದಾರೆ, ಒಳಗಿನದು ಯಾರ ಕಣ್ಣಿಗೂ ಬಿದ್ದಿಲ್ಲ. ಇದು ಇದ್ದಿದ್ದೇ ಅಲ್ಲ. ಇದು ಗಾಯ. ಗಾಯಕ್ಕೆ ಚಿಕಿತ್ಸೆ ಇದೆ.” ಆಪರೇಷನ್ ಮಾಡಿ ಆ ತುದಿಗಳನ್ನು ಮತ್ತೆ ಸೇರಿಸಬಹುದು, ಪೂರ್ತಿ ಮೊದಲಿನಂತಾಗುತ್ತದೆ ಅಂತ ಮಾತು ಕೊಡಲಾರೆ, ತುಂಬಾ ಸುಧಾರಿಸುತ್ತದೆ ಅಂತ ನಂಬಿಕೆಯಿದೆ ಅಂದರು.

ನಾವು ಹೊರಡಲು ಎದ್ದೆವು. ನೀವು ಬಾಗಿಲ ಹಿಡಿಕೆ ಹಿಡಿದುಕೊಂಡು ನಿಂತುಬಿಟ್ಟಿರಿ. ಆ ಕಡೆಗೇ ಮುಖ ಮಾಡಿಕೊಂಡು, ಯಾರೋ ದೂರದ ನೆಂಟರ ವಿಷಯ ಅನ್ನುವ ಹಾಗೆ ಕೇಳಿದಿರಿ. “ಹಳೇದಾದ್ರೆ? ಮಗಳಿಗೇ ಮದುವೆ ಆಗಿರೋವಷ್ಟು ಹಳೇದು?”

ಆ ಚಿಕ್ಕ ಡಾಕ್ಟರು ಎದ್ದು ಬಂದು ಕುರ್ಚಿ ಎಳೆದು ಹಾಕಿದರು. “ಕೂತ್ಕೊಳ್ಳಿ ಅಮ್ಮ. ಹೇಳಿ.”

ನಾನು ಹೊರಗೆ ಹೋಗಲೇ ಅಂದೆ. ನೀವು ನನ್ನ ಸೆರಗು ಹಿಡಿದುಕೊಂಡಿರಿ.

ಬಸ್ ಸ್ಟಾಪಿಗೆ ನಡೆಯುವಾಗ ನೀವು ನನ್ನಿಂದ ಒಂದು ಮಾತು ತೆಗೆದುಕೊಂಡಿರಿ. “ಚಿಟ್ಟೆ ಹುಟ್ಟಿದಾಗ ಆಗಿದ್ದು ಇದು. ಅವ್ಳಿಗೆ ಮಾತ್ರ ಹೇಳ್ಬೇಡ ಕಣೆ. ನನ್ನಿಂದ ಅಮ್ಮ ಹೀಗಾದ್ಲು ಅಂತ ಕೊರಗ್ತಾಳೆ.” ಹೇಳುವುದಿಲ್ಲ ಅಂದೆ. ಇವತ್ತಿನವರೆಗೂ ಹೇಳಿಲ್ಲ.

ನಿಮ್ಮ ಮಗನಿಗೆ ನನ್ನದನ್ನು ನಾನೇ ಹೇಳಿದೆ. ಅವರು, “ನನ್ ಮೇಲೆ ಬೇಜಾರು ಅಂದ್ಕೊಂಡಿದ್ದೆ” ಅಂದರು. ಆಮೇಲೆ ಲಿಫ್ಟ್ ರಿಪೇರಿಯವರ ಬುದ್ಧಿ ಎಲ್ಲಿ ಹೋಗುತ್ತದೆ? “ಲಿಫ್ಟ್ ಬಾಗಿಲು ಒಂದ್ ದಿನ ಸರಿಯಾಗಿ ಮುಚ್ಲಿಲ್ಲ ಅಂದ್ರೆ ಇಡೀ ಬಿಲ್ಡಿಂಗ್ ನನಗೆ ಫೋನ್ ಮಾಡುತ್ತೆ. ನೀನು ಇಷ್ಟು ದಿನ ಹೇಗೆ ಸುಮ್ನಿದ್ದೆ?” ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ.

ಆಪರೇಷನ್ನಿನ ನೋವು ನಿಮಗೆ ಹೇಳಬೇಕಾಗಿಲ್ಲ, ಪಕ್ಕದಲ್ಲೇ ಇದ್ದಿರಿ. ಅದಕ್ಕಿಂತ ಆಮೇಲೆ ಮೊದಲ ಸಲ ಟಾಯ್ಲೆಟ್ಟಿಗೆ ಹೋಗಲು ಹೆದರಿದ್ದು ಹೆಚ್ಚು. ಹೊಲಿದದ್ದೆಲ್ಲ ಬಿಚ್ಚಿಹೋಗುತ್ತದೆ ಅಂತ ಒಳಗೇ ಕೂತಿದ್ದೆ. ನೀವು ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಎಕ್ಸ್‌ಚೇಂಜಿನ ಕಥೆ ಶುರುಮಾಡಿದಿರಿ: ರಾಂಗ್ ನಂಬರ್ ಸಿಕ್ಕಿ ಜಗಳವಾಡಿದ ಇಬ್ಬರು ಕೊನೆಗೆ ಬೀಗರಾದದ್ದು. “ನಗಿಸ್ಬೇಡಿ ಅತ್ತೆ, ನೋಯುತ್ತೆ!” ಅಂತ ಒಳಗಿಂದ ನಾನು ಕೂಗಿದ್ದು, “ನಗು ಬಂದ್ರೆ ಬಾಕಿದೂ ಬರುತ್ತೆ” ಅಂತ ನೀವಂದದ್ದು. ಅದೇ ನಿಜವಾಯಿತು.

ಆಮೇಲೆ ವ್ಯಾಯಾಮ. ನನಗೆ ಬರೆದುಕೊಟ್ಟದ್ದನ್ನೇ ನಿಮಗೂ ಬರೆದುಕೊಟ್ಟರು. ನಿಮ್ಮ ನರಗಳು ಬಹಳ ಕಾಲದಿಂದ ಸೋತಿವೆ, ಆಪರೇಷನ್ನಿಂದ ಹೆಚ್ಚು ಸಿಗಲಿಕ್ಕಿಲ್ಲ, ಮೊದಲು ಮಾತ್ರೆ, ಊಟದ ಕ್ರಮ, ಸ್ನಾಯುಗಳ ಅಭ್ಯಾಸ ಅಂದಿದ್ದರು. ನಾವಿಬ್ಬರೂ ಸೋಫಾದಲ್ಲಿ ನೆಟ್ಟಗೆ ಕೂತು, ಟಿವಿ ನೋಡುತ್ತ, ಬಿಗಿ ಹಿಡಿದು, ಸಡಿಲ ಬಿಟ್ಟು, ಮತ್ತೆ ಬಿಗಿ ಹಿಡಿದು ಮಾಡುತ್ತಿದ್ದೆವು. ನಿಮ್ಮ ಮಗ ಬಂದು, “ಇಬ್ರೂ ಯಾಕೆ ಹೀಗೆ ಪರೀಕ್ಷೆ ಬರಿಯೋರ ಥರ ಮುಖ ಮಾಡ್ಕೊಂಡಿದೀರಾ?” ಅಂದದ್ದಕ್ಕೆ ನಿಮ್ಮ ನಗು ತಡೆಯಲಾಗಲಿಲ್ಲ. ನೀವು ಹಾಗೆ ಬಾಯಿಬಿಟ್ಟು ನಕ್ಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ನಾನೀಗ ಮೈದಾನದಲ್ಲಿ ಓಡುತ್ತೇನೆ. ಗಾಳಿ ಇನ್ನೂ ಕೆಲವು ಸಲ ಕೈಕೊಡುತ್ತದೆ, ಮತ್ತೆ ಮಗು ಬೇಕೆಂದರೆ ಹೊಟ್ಟೆ ಕೊಯ್ದೇ ತೆಗೆಯಬೇಕು ಅಂದಿದ್ದಾರೆ. ಪೂರ್ತಿ ಮೊದಲಿನಂತಾಗಲಿಲ್ಲ. ಆದರೆ ಬದುಕು ನನ್ನ ಕೈಗೆ ವಾಪಸ್ಸು ಬಂದಿದೆ. ನೀವೂ ಇಡೀ ಹಗಲಿನ ರೈಲು ಪ್ರಯಾಣ ಮಾಡಿ ಮಗಳ ಹೆರಿಗೆಗೆ ಹೋಗಿದ್ದೀರಿ. ಕಿಟಕಿಯ ಬಳಿ ಕೂತು ನೀವು ತಿಂಡಿಯ ಪೊಟ್ಟಣ ಬಿಚ್ಚಿದ್ದನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದೆ. ಹೊರಗೆ ಹೊರಟಾಗ ನೀವು ತಿನ್ನುವುದು! ರೈಲು ಹೋದ ಮೇಲೆ ನಿಮ್ಮ ಮಗನಿಗೆ, ಕಣ್ಣಿಗೆ ಏನೋ ಬಿತ್ತು ಅಂದೆ.

ಈಗ ಅಸಲು ಮಾತು. ಚಿಟ್ಟೆಯನ್ನು ನೀವು ಕೇಳಬೇಕು. ಅಳಿಯಂದಿರನ್ನು ಯಾವುದಾದರೂ ಕೆಲಸಕ್ಕೆ ಹೊರಗೆ ಕಳಿಸಿ, ಮಗು ಮಲಗಿದಾಗ, ಅವಳ ಹಾಸಿಗೆಯ ಮೇಲೆ ಕೂತು ಕೇಳಿ. ಹೇಗಿದೀಯ ಅಂತ ಕೇಳಬೇಡಿ. ಅದಕ್ಕೆ ಎಲ್ಲ ಬಾಣಂತಿಯರೂ ಚೆನ್ನಾಗಿದೀನಿ ಅಂತಲೇ ಹೇಳುತ್ತಾರೆ. ಗಾಳಿ ತಡೆಯಲು ಆಗುತ್ತಿದೆಯಾ, ಅವಸರವಾದಾಗ ಹಿಡಿದುಕೊಳ್ಳಲು ಆಗುತ್ತಿದೆಯಾ, ಹೊಲಿಗೆಯ ಜಾಗ ಬಾತಿದೆಯಾ, ಕೆಟ್ಟ ವಾಸನೆಯಿದೆಯಾ, ಜ್ವರವಿದೆಯಾ ಅಂತ ಕೇಳಿ. ಹೊಲಿದವರು ಒಳಗಿನ ಸ್ನಾಯು ನೋಡಿದರಾ ಅಂತ ಅವರನ್ನೇ ಕೇಳಲು ಹೇಳಿ. ಈಗಲೇ ಗೊತ್ತಾದರೆ ರಿಪೇರಿ ಸುಲಭ ಅಂತ ನಮ್ಮ ಡಾಕ್ಟರು ನಿನ್ನೆ ನನಗೆ ಹೇಳಿದರು. ಆ ಊರಿನಲ್ಲಿ ಇದನ್ನೇ ನೋಡುವ ಅವರ ಗೆಳತಿಯೊಬ್ಬರಿದ್ದಾರಂತೆ, ನಂಬರ್ ಕೊಟ್ಟಿದ್ದಾರೆ, ಈ ಕಾಗದದ ಹಿಂದೆ ಬರೆದಿದ್ದೇನೆ. ಏನೂ ತೊಂದರೆ ಇಲ್ಲದಿದ್ದರೆ ತುಂಬ ಒಳ್ಳೆಯದು. ‘ನಿಮ್ಮತ್ತಿಗೆಗೆ ತಲೆ ಕೆಟ್ಟಿದೆ’ ಅಂತ ಇಬ್ಬರೂ ಸೇರಿ ನನ್ನನ್ನು ಬೈದುಕೊಳ್ಳಿ.

ಆದರೆ ಅವಳು ಸುಮ್ಮನೆ ಬಾಯಿ ಬಿಡುವವಳಲ್ಲ, ನಿಮ್ಮ ಮಗಳು. ಮೊದಲು ನಿಮ್ಮದನ್ನು ಹೇಳಿ. ನಾನು ಕೊಟ್ಟ ಮಾತು ನಾನು ಮುರಿಯುವುದಿಲ್ಲ, ಅದಕ್ಕೇ ನಿಮ್ಮನ್ನು ಬೇಡುತ್ತಿದ್ದೇನೆ. ‘ನನ್ನಿಂದ ಆಯ್ತಾ ಅಮ್ಮ?’ ಅಂತ ಅವಳು ಕೇಳಬಹುದು. ಕೇಳಲಿ. ಈಗ ಅವಳ ತೊಡೆಯ ಮೇಲೂ ಒಂದು ಮಗುವಿದೆ. ಆ ಪುಟ್ಟ ಮುಖವನ್ನು ತೋರಿಸಿ, ‘ಇವಳ ಮೇಲೆ ನಿಂಗೆ ಸಿಟ್ಟು ಬರುತ್ತಾ?’ ಅಂತ ಕೇಳಿ. ಅವಳಿಗೆ ಅರ್ಥವಾಗುತ್ತದೆ.

ಬಾಣಂತಿಗೆ ಒಳ್ಳೆಯ ನಿದ್ದೆ ಬರಲಿ. ನಿಮ್ಮ ಮೊಣಕಾಲು ನೋವು ಹೆಚ್ಚಾಗದಿರಲಿ. ಆ ಕೂಸು ದೊಡ್ಡವಳಾಗಿ, ಮೈಯಲ್ಲಿ ಎಲ್ಲಿ ನೋವಾದರೂ ಅದರ ಹೆಸರು ಹಿಡಿದು ಎಲ್ಲರಿಗೂ ಕೇಳುವಂತೆ ಹೇಳುವ ಹುಡುಗಿಯಾಗಲಿ.

ನಿಮ್ಮ ಕಾಲಿಗೆ ನಮಸ್ಕರಿಸುತ್ತ,
ನಿಮ್ಮ ಸೊಸೆ