ಮೋತಿ ಯಾಕೆ ಕಚ್ಚುತ್ತಿತ್ತು ಗೊತ್ತೇ?

ಅಪ್ಪಾ,

ರಜಾಕಾರರ ಗದ್ದಲ ನಿಂತ ವರ್ಷ ವಾಡಿ ಸ್ಟೇಷನ್ನಿನಿಂದ ಟವೆಲಿನಲ್ಲಿ ಸುತ್ತಿಕೊಂಡು ಒಂದು ನಾಯಿಮರಿ ತಂದೆಯಲ್ಲ, ಆ ಮೋತಿಗೆ ವಿಷ ಹಾಕಬೇಕೆಂದು ಶಹಾಬಾದಿನ ನಮ್ಮ ಓಣಿಯೆಲ್ಲ ಪಟ್ಟು ಹಿಡಿದಿತ್ತು. ನೀನು ಹೋದ ಮೇಲೆ ಅದು ಕರೆದರೆ ಬರುತ್ತಿರಲಿಲ್ಲ. ಹಿಂದಿನಿಂದ ಮುಟ್ಟಿದವರನ್ನು ಕಚ್ಚುತ್ತಿತ್ತು. ಎದುರುಮನೆಯ ಸಂಗಮ್ಮನ ಕೈಗೂ ಬಾಯಿ ಹಾಕಿತು.

ಅವ್ವ ಊರ ರೂಢಿಯಂತೆ ಅದರ ಕೊರಳಿಗೆ ಕಟ್ಟಿಗೆಯ ತುಂಡು ತೂಗಬಿಟ್ಟಳು. ಓಡಿದಾಗ ಮೊಣಕಾಲಿಗೆ ಬಡಿದು ಬುದ್ಧಿ ಬರುತ್ತದಂತೆ. ಕಾಲು ಹುಣ್ಣಾಯಿತು, ಬುದ್ಧಿ ಎಲ್ಲಿಂದ ಬರಬೇಕು? ಇನ್ನಷ್ಟು ಕಚ್ಚಿತು.

ಒಂದು ಮಧ್ಯಾಹ್ನ ಯಾರದೋ ಹೆಣದ ಮುಂದೆ ಹಲಗೆ ಬಾರಿಸುತ್ತ ಹೋದರು. ಓಣಿಯ ನಾಯಿಗಳೆಲ್ಲ ಊಳಿಟ್ಟವು. ಮೋತಿ ಮಾತ್ರ ಸುಮ್ಮನೆ ಮಲಗಿತ್ತು. ನನಗೆ ಅನುಮಾನ ಬಂತು. ಅದರ ಬೆನ್ನ ಹಿಂದೆ ನಿಂತು ಹಿತ್ತಾಳೆ ತಾಟು ಬಡಿದೆ, ಕಿವಿ ಅಲುಗಲಿಲ್ಲ. ನೆಲದ ಪರಸಿಗಲ್ಲಿನ ಮೇಲೆ ಕಾಲು ಅಪ್ಪಳಿಸಿದೆ, ತಟ್ಟನೆ ತಿರುಗಿತು. ಕಿವುಡಾಗಿತ್ತು ಅಪ್ಪ. ನೀನು ಹೋದ ಆ ಒಂದು ದಿನ ಬಿಟ್ಟರೆ ದಿನಾ ನಿನ್ನ ಸಂಗಡ ಕಲ್ಲುಗಣಿಯಲ್ಲೇ ಇತ್ತಲ್ಲ, ಬಂಡೆಗೆ ಮದ್ದು ತುಂಬಿ ಸುರಂಗ ಹಾರಿಸುವ ಸದ್ದಿನಲ್ಲಿ... ಯಾರೋ ಬಂದದ್ದು ತಿಳಿಯದೆ ಬೆಚ್ಚಿ ಕಚ್ಚುತ್ತಿತ್ತು, ಅಷ್ಟೇ. ಕೊರಳಿನ ಕಟ್ಟಿಗೆ ಕಿತ್ತೆಸೆದೆ. ಈಗ ಮೊದಲು ಕಾಲು ಅಪ್ಪಳಿಸುತ್ತೇನೆ, ಆಮೇಲೆ ಕೈಸನ್ನೆ. ಎದ್ದು ಬರುತ್ತದೆ. ಮತ್ತೆ ಯಾರನ್ನೂ ಕಚ್ಚಿಲ್ಲ.

ಅಂದಿನಿಂದ ನನಗೆ ನೀನೇ ನೆನಪಾಗುತ್ತೀ. ಉಣ್ಣಲು ಕರೆದರೆ ನೀನೂ ಬರುತ್ತಿರಲಿಲ್ಲ. ಅವ್ವ ಹಿಂದಿನಿಂದ ಹೆಗಲು ಮುಟ್ಟಿದರೆ ಬೆಚ್ಚಿ ಕೈ ಎತ್ತುತ್ತಿದ್ದೆ. ಅದನ್ನು ನಾವು ಸಿಟ್ಟು ಎಂದುಕೊಂಡೆವು. ನಿನ್ನ ಹೆಣ ತಂದ ದಿನ ಗಣಿಯ ಮುಕಾದಮ ನಮ್ಮ ಅಂಗಳದಲ್ಲೇ ನಿಂತು ಹೇಳಿದ: "ಬತ್ತಿ ಹಚ್ಚೀವಿ, ಸರೀ ಅಂತ ಭಾಳ ಒದರೀವಬೇ. ಕೇಳಿನೂ ಕುಂತಾನ. ಅವನ ಸೊಕ್ಕೇ ಅವನ್ನ ತಿಂತು."

ಅವ್ವ ಅದನ್ನೇ ನಂಬಿ ಈಗಲೂ ನಿನ್ನನ್ನು ಬೈದುಕೊಂಡೇ ಅಳುತ್ತಾಳೆ. ಅಷ್ಟು ಕೂಗಿದರೂ ನೀನೇಕೆ ಏಳಲಿಲ್ಲವೆಂದು ನಮ್ಮಲ್ಲಿ ಒಬ್ಬರಾದರೂ...

ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಗಣಿಯಲ್ಲಿ ನಿನ್ನ ಜಾಗಕ್ಕೆ ಅಣ್ಣನನ್ನು ತೆಗೆದುಕೊಂಡಿದ್ದಾರೆ. ಇತ್ತೀಚೆಗೆ ಅವನಿಗೂ ಸಿಟ್ಟು ಹೆಚ್ಚಾಗಿದೆ. ನಿನ್ನೆ ಅವನು ಉಣ್ಣುತ್ತಿದ್ದಾಗ ಹಿಂದಿನಿಂದ ಕರೆದೆ. ಮತ್ತೆ ಕರೆದೆ. ಕೊನೆಗೆ ಪರಸಿಯ ಮೇಲೆ ಕಾಲು ಅಪ್ಪಳಿಸಿದೆ. ಅಣ್ಣ, ಮೋತಿ ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು.

ನಾಳೆ ಅವನಿಗೆ ಬುತ್ತಿ ಕಟ್ಟುವುದಿಲ್ಲ ಅಪ್ಪ. ಹೊಸ್ತಿಲಿಗೆ ಅಡ್ಡ ಕೂರುತ್ತೇನೆ. ಹೊಡೆದರೆ ಹೊಡೆಯಲಿ.

ನಿನ್ನ ಗಂಗವ್ವ